ಬಾಲಿ ದ್ವೀಪ: ನೆಲ, ನೀರು ಮತ್ತು ಜನಜೀವನ

ಪೀಠಿಕೆ

ಭೂಗೋಳದ ಪಾಠಗಳಲ್ಲಿ ಒಂದು ನಾಡಿನ ಬೆಟ್ಟ, ನದಿ, ಮಳೆ, ಬೆಳೆಗಳನ್ನು ಒಂದು ಭಾಗವಾಗಿಯೂ, ಅಲ್ಲಿಯ ಜನರ ಆಚಾರ, ಹಬ್ಬ, ಕಲೆಗಳನ್ನು ಮತ್ತೊಂದು ಭಾಗವಾಗಿಯೂ ಬೋಧಿಸುವುದು ರೂಢಿಯಾಗಿದೆ. ಬೋಧನೆಯ ಸೌಕರ್ಯಕ್ಕಾಗಿ ಮಾಡಿಕೊಂಡ ಈ ವಿಭಾಗಕ್ರಮವು ಎಲ್ಲ ನಾಡುಗಳಿಗೂ ಹೊಂದುವುದಿಲ್ಲ. ಕೆಲವೆಡೆ ಭೂಮಿಯ ರೂಪವೇ ಜನರ ಸಂಪ್ರದಾಯದಿಂದ ನಿರ್ಮಿತವಾಗಿರುತ್ತದೆ. ಸಂಪ್ರದಾಯವು ಭೂಮಿಯ ಸ್ವಭಾವದಿಂದ ಹುಟ್ಟಿರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ವಿವರಿಸಲು ಹೊರಟರೆ ಎರಡೂ ಅರ್ಥವಾಗದೆ ಉಳಿಯುತ್ತವೆ. ಇಂಡೊನೇಷಿಯಾ ದೇಶಕ್ಕೆ ಸೇರಿದ ಬಾಲಿ ದ್ವೀಪವು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಪ್ರವಾಸಿಗಳ ಮಾತಿನಲ್ಲಿ ಬಾಲಿಯೆಂದರೆ ಕಡಲತೀರ, ನೃತ್ಯ ಮತ್ತು ದೇವಾಲಯಗಳು. ಆದರೆ ಆ ದ್ವೀಪದ ನಿಜವಾದ ವೈಶಿಷ್ಟ್ಯವು ಅಲ್ಲಿಯ ಬೆಟ್ಟದ ಇಳಿಜಾರಿನ ಭತ್ತದ ಗದ್ದೆಗಳಲ್ಲಿಯೂ, ಆ ಗದ್ದೆಗಳಿಗೆ ನೀರನ್ನು ಹಂಚುವ ಪುರಾತನ ವ್ಯವಸ್ಥೆಯಲ್ಲಿಯೂ ಅಡಗಿದೆ. ಸುಮಾರು ಒಂದು ಸಾವಿರ ವರ್ಷಗಳಿಂದ ನಡೆದುಬಂದ ಈ ವ್ಯವಸ್ಥೆಯು ೧೯೭೦ರ ದಶಕದಲ್ಲಿ ಒಂದು ಕಠಿಣ ಪರೀಕ್ಷೆಗೆ ಒಳಗಾಯಿತು. ಆ ಪರೀಕ್ಷೆಯ ವೃತ್ತಾಂತವು ವಿದ್ಯೆಯನ್ನು ವೃತ್ತಿಯಾಗಿ ಕೈಕೊಂಡವರೆಲ್ಲರೂ ಗಮನಿಸತಕ್ಕುದಾಗಿದೆ.

ಸ್ಥಾನ ಮತ್ತು ಭೂರಚನೆ

ಭೂಮಧ್ಯರೇಖೆಯಿಂದ ಸುಮಾರು ೮ ಡಿಗ್ರಿ ದಕ್ಷಿಣಕ್ಕಿರುವ ಬಾಲಿಯು ಜಾವಾ ದ್ವೀಪದ ಪೂರ್ವದಿಕ್ಕಿನ ನೆರೆಯ ದ್ವೀಪ. ಇದರ ವಿಸ್ತೀರ್ಣ ಸುಮಾರು ೫,೭೮೦ ಚದರ ಕಿಲೋಮೀಟರು. ೨೦೨೦ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು ೪೩ ಲಕ್ಷ. ಪಶ್ಚಿಮದಲ್ಲಿ ಜಾವಾದಿಂದ ಇದನ್ನು ಬೇರ್ಪಡಿಸುವ ಬಾಲಿ ಜಲಸಂಧಿಯು ಅತ್ಯಂತ ಕಿರಿದಾದುದು. ಕೆಲವೆಡೆ ಎರಡು ಮೂರು ಕಿಲೋಮೀಟರಿಗಿಂತ ಹೆಚ್ಚಿನ ಅಗಲವಿಲ್ಲ. ಹಿಮಯುಗದಲ್ಲಿ ಸಮುದ್ರದ ಮಟ್ಟ ಇಳಿದಿದ್ದಾಗ ಈ ಎರಡು ದ್ವೀಪಗಳೂ ಒಂದೇ ನೆಲವಾಗಿದ್ದು ಏಷ್ಯಾ ಖಂಡಕ್ಕೆ ಸೇರಿಕೊಂಡಿದ್ದವು. ಆದರೆ ಪೂರ್ವದ ಲೊಂಬೋಕ್ ಜಲಸಂಧಿಯು ಬಹು ಆಳವಾದುದು. ಅದು ಎಂದೂ ಬತ್ತಲಿಲ್ಲ. ೧೮೫೬ರಲ್ಲಿ ಈ ಜಲಸಂಧಿಯನ್ನು ದಾಟಿದ ಆಲ್‌ಫ್ರೆಡ್ ರಸೆಲ್ ವಾಲೆಸ್ ಎಂಬ ಆಂಗ್ಲ ಪ್ರಕೃತಿವಿಜ್ಞಾನಿಯು, ಬಾಲಿಯಲ್ಲಿ ಏಷ್ಯಾದ ಪಕ್ಷಿಗಳಿದ್ದು, ಹತ್ತಿರದ ಲೊಂಬೋಕಿನಲ್ಲಿ ಆಸ್ಟ್ರೇಲಿಯಾದ ಕಡೆಯ ಪಕ್ಷಿಗಳು ಕಾಣತೊಡಗುವುದನ್ನು ಕಂಡು ವಿಸ್ಮಯಗೊಂಡನು. ಪ್ರಾಣಿಭೂಗೋಳಶಾಸ್ತ್ರದಲ್ಲಿ ಪ್ರಸಿದ್ಧವಾದ 'ವಾಲೆಸ್ ರೇಖೆ'ಯು ಈ ಎರಡು ದ್ವೀಪಗಳ ನಡುವೆಯೇ ಹಾದುಹೋಗುತ್ತದೆ. ಏಷ್ಯಾದ ನೆಲದಿಂದ ಬಂದ ಹುಲಿಯು ಬಾಲಿಯಲ್ಲಿಯೂ ಇದ್ದಿತು. ೧೯೩೭ರಲ್ಲಿ ಒಂದು ಹೆಣ್ಣುಹುಲಿ ಗುಂಡಿಗೆ ಬಲಿಯಾದ ಅನಂತರ ಅದರ ಇರವಿಗೆ ಖಚಿತ ದಾಖಲೆ ದೊರೆತಿಲ್ಲ. ಬಿಳಿಯ ಗರಿಯ, ಕಣ್ಣಿನ ಸುತ್ತ ನೀಲಿಬಣ್ಣವುಳ್ಳ ಬಾಲಿಯ ಮೈನಾ ಹಕ್ಕಿಯು ಪ್ರಪಂಚದಲ್ಲಿ ಬೇರೆಲ್ಲಿಯೂ ಸ್ವಾಭಾವಿಕವಾಗಿ ಬದುಕುವುದಿಲ್ಲ; ಅದೂ ಈಗ ಅಳಿವಿನ ಅಂಚಿನಲ್ಲಿದೆ.

ದ್ವೀಪದ ಬೆನ್ನೆಲುಬಾಗಿ ಪೂರ್ವಪಶ್ಚಿಮವಾಗಿ ಜ್ವಾಲಾಮುಖಿ ಪರ್ವತಗಳ ಸಾಲೊಂದು ಹಬ್ಬಿದೆ. ಅವುಗಳಲ್ಲಿ ಸುಮಾರು ೩,೦೩೧ ಮೀಟರು ಎತ್ತರದ ಗುನುಂಗ್ ಆಗುಂಗ್ ಅತ್ಯುನ್ನತವಾದುದು. ಅದರ ವಾಯವ್ಯಕ್ಕೆ ಬಾತೂರ್ ಎಂಬ ಜ್ವಾಲಾಮುಖಿಯಿದೆ. ಪ್ರಾಚೀನಕಾಲದ ಭೀಕರ ಸ್ಫೋಟಗಳಿಂದ ಕುಸಿದು ಉಂಟಾದ ವಿಶಾಲವಾದ ಬೋಗುಣಿಯಂಥ ತಗ್ಗಿನಲ್ಲಿ ಬಾತೂರ್ ಸರೋವರವು ನೆಲೆಗೊಂಡಿದೆ. ಈ ಪರ್ವತಗಳು ದ್ವೀಪವಾಸಿಗಳಿಗೆ ವರವೂ ಹೌದು, ಭಯವೂ ಹೌದು. ೧೯೨೬ರಲ್ಲಿ ಬಾತೂರಿನಿಂದ ಹೊರಟ ಲಾವಾರಸವು ಬುಡದಲ್ಲಿದ್ದ ಗ್ರಾಮವನ್ನೂ ದೇವಾಲಯವನ್ನೂ ಮುಚ್ಚಿಹಾಕಿತು. ಗ್ರಾಮಸ್ಥರು ತಗ್ಗಿನ ಮೇಲಂಚಿಗೆ ಬಂದು ನೆಲೆಸಿ, ಅಲ್ಲಿ ದೇವಾಲಯವನ್ನು ಪುನಃ ಕಟ್ಟಿಕೊಂಡರು. ೧೯೬೩ರಲ್ಲಿ ಆಗುಂಗ್ ಪರ್ವತವು ಸ್ಫೋಟಗೊಂಡಾಗ ಒಂದು ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ೨೦೧೭ರಿಂದ ೨೦೧೯ರವರೆಗೆ ಅದು ಮತ್ತೆ ಬೂದಿಯನ್ನು ಉಗುಳಿತು. ಆದರೆ ಜ್ವಾಲಾಮುಖಿಯ ಇದೇ ಬೂದಿಯು ಕಾಲಕ್ರಮದಲ್ಲಿ ಫಲವತ್ತಾದ ಮಣ್ಣಾಗುತ್ತದೆ. ಅದರಲ್ಲಿರುವ ಖನಿಜಾಂಶಗಳು ಮಳೆಯ ನೀರಿನಲ್ಲಿ ಕರಗಿ ಹೊಳೆ ಕಾಲುವೆಗಳ ಮೂಲಕ ಗದ್ದೆಗಳನ್ನು ಸೇರುತ್ತವೆ. ಬಾಲಿಯ ರೈತನಿಗೆ ನೀರೆಂಬುದು ಕೇವಲ ತೇವವಲ್ಲ, ಗೊಬ್ಬರವೂ ಹೌದು.

ಪರ್ವತಶ್ರೇಣಿಯ ಉತ್ತರದ ಇಳಿಜಾರು ಕಡಿದಾಗಿದ್ದು ಕರಾವಳಿಯ ಪಟ್ಟಿ ಕಿರಿದಾಗಿದೆ. ದಕ್ಷಿಣದ ಇಳಿಜಾರು ವಿಶಾಲವಾಗಿ, ನಿಧಾನವಾಗಿ ಸಮುದ್ರದ ಕಡೆಗೆ ಇಳಿಯುತ್ತದೆ. ದ್ವೀಪದ ಬಹುಪಾಲು ಭತ್ತ ಬೆಳೆಯುವುದು ಇಲ್ಲಿಯೇ. ನವೆಂಬರಿನಿಂದ ಮಾರ್ಚಿನವರೆಗೆ ಮಳೆಗಾಲ. ಉಳಿದ ತಿಂಗಳುಗಳು ಬಹುಮಟ್ಟಿಗೆ ಒಣಹವೆ. ಮೆದುವಾದ ಜ್ವಾಲಾಮುಖಿ ಶಿಲೆಯನ್ನು ಕೊರೆದುಕೊಂಡು ಹರಿಯುವ ಹೊಳೆಗಳು ಆಳವಾದ ಕಂದಕಗಳಲ್ಲಿ ಇಳಿದುಹೋಗಿವೆ. ಹೊಳೆಯು ಕಣ್ಣೆದುರಿಗೇ ಹರಿಯುತ್ತಿದ್ದರೂ ಅದರ ದಂಡೆಯ ಗದ್ದೆಗೆ ಒಂದು ಹನಿ ನೀರೂ ತಾನಾಗಿ ಏರಲಾರದು. ಈ ಒಂದು ಭೌಗೋಳಿಕ ಸಂಗತಿಯೇ ಬಾಲಿಯ ಸಮಾಜರಚನೆಯ ಬಹುಭಾಗಕ್ಕೆ ಮೂಲವಾಯಿತೆಂದು ಹೇಳಬಹುದು.

ಇತಿಹಾಸದ ಹಿನ್ನೆಲೆ

ಭಾರತದೊಂದಿಗೆ ಬಾಲಿಯ ಸಂಪರ್ಕ ಬಹು ಹಳೆಯದು. ಸನೂರ್ ಎಂಬ ಕರಾವಳಿಯ ಊರಿನಲ್ಲಿರುವ ಬ್ಲಾಂಜೊಂಗ್ ಶಿಲಾಸ್ತಂಭವು ಶಕವರ್ಷ ೮೩೫, ಅಂದರೆ ಕ್ರಿ.ಶ. ೯೧೪ಕ್ಕೆ ಸೇರಿದುದು. ಅದರಲ್ಲಿ ಶ್ರೀ ಕೇಸರಿ ವರ್ಮದೇವನೆಂಬ ಅರಸನ ಹೆಸರು ಕಂಡುಬರುತ್ತದೆ. ಬರೆಹವು ಸಂಸ್ಕೃತ ಮತ್ತು ಹಳೆಯ ಬಾಲಿ ಭಾಷೆಗಳಲ್ಲಿದೆ. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯು ಶಕವರ್ಷ ೪೬೫ರಲ್ಲಿ (ಕ್ರಿ.ಶ. ೫೪೩) ಕೆತ್ತಿಸಿದ ಶಾಸನವನ್ನು ಬಲ್ಲ ಕನ್ನಡಿಗರಿಗೆ, ಅದೇ ಶಕಗಣನೆಯು ಸಾವಿರಾರು ಮೈಲಿ ದೂರದ ದ್ವೀಪದಲ್ಲಿಯೂ ಬಳಕೆಗೆ ಬಂದಿತೆಂಬುದು ಕುತೂಹಲದ ವಿಷಯವಾಗಿದೆ. ಹನ್ನೊಂದನೆಯ ಶತಮಾನದಲ್ಲಿ ಪಕೆರಿಸಾನ್ ಹೊಳೆಯ ಕಂದಕದಲ್ಲಿ ಬಂಡೆಯನ್ನು ಕಡಿದು ರಚಿಸಿದ ಗುನುಂಗ್ ಕಾವಿಯ ಸ್ಮಾರಕಗಳು ಇಂದಿಗೂ ಉಳಿದಿವೆ. ೧೪ನೆಯ ಶತಮಾನದಲ್ಲಿ ಬಾಲಿಯು ಪೂರ್ವ ಜಾವಾದ ಮಜಪಹಿತ್ ಸಾಮ್ರಾಜ್ಯದ ಅಧೀನಕ್ಕೆ ಬಂದಿತು. ಜಾವಾದಲ್ಲಿ ಇಸ್ಲಾಂ ಮತವು ಹರಡಿದ ಮೇಲೆಯೂ ಬಾಲಿಯು ತನ್ನ ಹಿಂದೂ ಆಚಾರಗಳನ್ನು ಉಳಿಸಿಕೊಂಡು, ಅವನ್ನು ಸ್ಥಳೀಯ ಪಿತೃಪೂಜೆ ಮತ್ತು ಪ್ರಕೃತಿಪೂಜೆಗಳೊಂದಿಗೆ ಬೆಸೆದುಕೊಂಡು ಬೆಳೆಯಿಸಿತು.

ಡಚ್ಚರು ೧೮೪೯ರ ವೇಳೆಗೆ ಉತ್ತರ ಬಾಲಿಯನ್ನು ವಶಪಡಿಸಿಕೊಂಡರು. ದಕ್ಷಿಣದ ರಾಜ್ಯಗಳು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚುಕಾಲ ಸ್ವತಂತ್ರವಾಗಿ ಉಳಿದಿದ್ದವು. ೧೯೦೬ರ ಸೆಪ್ಟೆಂಬರ್ ೨೦ರಂದು ಬಾದುಂಗ್ ರಾಜ್ಯದ ಅರಸನೂ ಆತನ ಪರಿವಾರದವರೂ ಶ್ವೇತವಸ್ತ್ರಗಳನ್ನು ಧರಿಸಿ, ಶರಣಾಗತಿಗೆ ಒಪ್ಪದೆ, ಡಚ್ಚರ ಬಂದೂಕುಗಳಿಗೆ ಎದುರಾಗಿ ನಡೆದು ಪ್ರಾಣವನ್ನರ್ಪಿಸಿದರು. ೧೯೦೮ರಲ್ಲಿ ಕ್ಲುಂಗ್‌ಕುಂಗ್ ರಾಜ್ಯದಲ್ಲಿಯೂ ಇಂಥದೇ ಘಟನೆ ನಡೆಯಿತು. 'ಪುಪುತಾನ್' ಎಂದು ಹೆಸರಾದ ಈ ಆತ್ಮಾರ್ಪಣೆಗಳ ಸುದ್ದಿ ಯುರೋಪಿನಲ್ಲಿ ಲಜ್ಜೆಯನ್ನುಂಟುಮಾಡಿತು. ರಾಜ್ಯಗಳು ಅಳಿದರೂ ಗದ್ದೆಗಳಿಗೆ ಹೋಗುವ ನೀರು ನಿಲ್ಲಲಿಲ್ಲ. ಏಕೆಂದರೆ ದಿನನಿತ್ಯದ ನೀರಿನ ಹಂಚಿಕೆಯು ಅರಮನೆಯ ಕೈಯಲ್ಲಿ ಇರಲಿಲ್ಲ.

ಸುಬಕ್: ನೀರಿನ ಸಂಘ

ನೀರಿನ ಈ ಹಂಚಿಕೆಯನ್ನು ನೋಡಿಕೊಳ್ಳುವ ರೈತರ ಸಂಘಕ್ಕೆ ಬಾಲಿಯಲ್ಲಿ 'ಸುಬಕ್' ಎಂದು ಹೆಸರು. ಒಂದು ಕಾಲುವೆಯ ಒಂದೇ ಕವಲಿನಿಂದ ನೀರು ಪಡೆಯುವ ಎಲ್ಲ ಗದ್ದೆಗಳ ಒಡೆಯರೂ ಗೇಣಿದಾರರೂ ಸೇರಿದ ಸಂಘವಿದು. ದ್ವೀಪದಲ್ಲಿ ಸುಮಾರು ೧,೨೦೦ ಸುಬಕ್‌ಗಳಿವೆಯೆಂದು ಲೆಕ್ಕ ಹಾಕಲಾಗಿದೆ. ಒಂಬತ್ತನೆಯ ಶತಮಾನದ ಕೊನೆಯ ಶಾಸನವೊಂದರಲ್ಲಿಯೇ ಸುರಂಗ ಕೊರೆಯುವ ಕುಶಲಕರ್ಮಿಗಳ ಉಲ್ಲೇಖವಿದೆ. ಹನ್ನೊಂದನೆಯ ಶತಮಾನದ ಶಾಸನಗಳಲ್ಲಿ ಸುಬಕ್ ಎಂಬ ಮಾತಿನ ಪೂರ್ವರೂಪವು ದೊರೆಯುತ್ತದೆ.

ಸುರಂಗದ ಅವಶ್ಯಕತೆ ಹಿಂದೆ ಹೇಳಿದ ಭೂರಚನೆಯಿಂದ ಒದಗಿದುದು. ಕಂದಕದಲ್ಲಿ ಹರಿಯುವ ಹೊಳೆಗೆ ಬಹಳ ಮೇಲ್ಭಾಗದಲ್ಲಿಯೇ ಒಡ್ಡನ್ನು ಕಟ್ಟಿ, ಅಲ್ಲಿಂದ ಗುಡ್ಡದ ಹೊಟ್ಟೆಯೊಳಗೆ ಸುರಂಗವನ್ನು ಕೊರೆದು, ಸಣ್ಣ ಇಳಿಜಾರಿನಲ್ಲಿ ನೀರನ್ನು ತಂದು ದೂರದ ದಿಬ್ಬದ ಗದ್ದೆಗಳ ನೆತ್ತಿಗೆ ಮುಟ್ಟಿಸಬೇಕಾಗುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ಕೈಗೆಲಸದಿಂದಲೇ ಆದ ಈ ಸುರಂಗಗಳಲ್ಲಿ ಕೆಲವು ಒಂದು ಕಿಲೋಮೀಟರಿಗಿಂತಲೂ ಉದ್ದವಾಗಿವೆ. ಇಂಥ ಕಾರ್ಯವು ಒಬ್ಬ ರೈತನಿಂದಾಗಲಿ ಒಂದು ಮನೆತನದಿಂದಾಗಲಿ ಆಗತಕ್ಕುದಲ್ಲ. ಕಾಲುವೆಯ ಹೂಳನ್ನೆತ್ತುವುದು, ಒಡ್ಡಿನ ದುರಸ್ತಿ, ಕುಸಿದ ಬದುಗಳ ಮರುನಿರ್ಮಾಣ ಮೊದಲಾದ ಕೆಲಸಗಳಿಗೆ ಪ್ರತಿಯೊಬ್ಬ ಸದಸ್ಯನೂ ಆಳು ಒದಗಿಸಬೇಕು. ತಪ್ಪಿದವನು ದಂಡ ತೆರಬೇಕು. ಈ ನಿಯಮಗಳನ್ನು 'ಅವಿಗ್-ಅವಿಗ್' ಎಂಬ ಕಟ್ಟಳೆಯಾಗಿ ಸಂಘವೇ ರಚಿಸಿಕೊಂಡಿರುತ್ತದೆ. ಹಿಂದೆ ಅವನ್ನು ತಾಳೆಗರಿಯಲ್ಲಿ ಬರೆದಿಡುತ್ತಿದ್ದರು. ಸಂಘದ ಮುಖ್ಯಸ್ಥನಿಗೆ 'ಪೆಕಾಸೆ' ಎಂದು ಹೆಸರು. ಕನ್ನಡನಾಡಿನ ಕೆರೆಗಳ ನೀರಗಂಟಿಯನ್ನು ಆತನ ಕೆಲಸವು ನೆನಪಿಗೆ ತರುತ್ತದೆಯಾದರೂ ಪೆಕಾಸೆಯನ್ನು ರೈತರ ಸಭೆಯೇ ಆರಿಸುತ್ತದೆ. ಬಾಲಿಯ ಸಮಾಜದಲ್ಲಿ ಬ್ರಾಹ್ಮಣ, ಸತ್ರಿಯ, ವೆಸಿಯ, ಸೂದ್ರ ಎಂಬ ವಿಭಾಗಗಳಿದ್ದರೂ ಸುಬಕ್ ಸಭೆಯಲ್ಲಿ ಅವು ಎಣಿಕೆಗೆ ಬರುವುದಿಲ್ಲ. ಅರಮನೆಯವನಾಗಿರಲಿ, ಒಂದು ಮಡಿ ಗದ್ದೆಯ ಬಡವನಾಗಿರಲಿ, ನೀರಿನ ವಿಷಯದಲ್ಲಿ ಇಬ್ಬರೂ ಒಂದೇ ನಿಯಮಕ್ಕೆ ಒಳಪಟ್ಟ ಸದಸ್ಯರು.

ನೀರನ್ನು ಅಳೆಯುವ ಸಾಧನವೂ ಸರಳವಾದುದು. ಕಾಲುವೆಗೆ ಅಡ್ಡವಾಗಿ ಒಂದು ಮರದ ದಿಮ್ಮಿಯನ್ನು ಇಟ್ಟು, ಅದರಲ್ಲಿ ಬೇರೆ ಬೇರೆ ಅಗಲದ ಕಚ್ಚುಗಳನ್ನು ಕೆತ್ತುತ್ತಾರೆ. ಹೊಳೆಯಲ್ಲಿ ನೀರು ಹೆಚ್ಚಿರಲಿ ಕಡಿಮೆಯಿರಲಿ, ಕಚ್ಚಿನ ಅಗಲಕ್ಕೆ ಅನುಸಾರವಾಗಿ ಪಾಲು ತಾನಾಗಿ ಹಂಚಿಹೋಗುತ್ತದೆ. ಯಾರಿಗೆ ಎಷ್ಟು ಹೋಗುತ್ತಿದೆಯೆಂಬುದು ದಾರಿಹೋಕನ ಕಣ್ಣಿಗೂ ಕಾಣುತ್ತದೆ. ಗುಟ್ಟಿಲ್ಲದ ಹಂಚಿಕೆಯಲ್ಲಿ ಜಗಳಕ್ಕೆ ಆಸ್ಪದ ಕಡಿಮೆಯೆಂಬ ಲೋಕಾನುಭವವನ್ನು ಈ ದಿಮ್ಮಿಯು ಮೂರ್ತಗೊಳಿಸಿದೆ.

ದೇವಾಲಯ ಮತ್ತು ನೀರು

ಬಾಲಿಯ ಜನರು ತಮ್ಮ ಧರ್ಮವನ್ನು 'ಆಗಮ ತಿರ್ತ', ಅಂದರೆ ತೀರ್ಥದ ಧರ್ಮವೆಂದೂ ಕರೆಯುವುದುಂಟು. ಯಾವ ಪೂಜೆಯೂ ತೀರ್ಥವಿಲ್ಲದೆ ಪೂರ್ಣವಾಗದು. ಪ್ರತಿಯೊಂದು ಗ್ರಾಮದಲ್ಲಿ ಸಾಮಾನ್ಯವಾಗಿ ಮೂರು ಮುಖ್ಯ ದೇವಾಲಯಗಳಿರುತ್ತವೆ: ಮೂಲಪುರುಷರಿಗೆ ಸಂಬಂಧಿಸಿದ ಪುರ ಪುಸೆ, ಗ್ರಾಮಸಭೆಯ ಪುರ ದೇಸ, ಮೃತರಿಗೂ ಸ್ಮಶಾನಕ್ಕೂ ಸಂಬಂಧಿಸಿದ ಪುರ ದಾಲೆಮ್. ಬಾಲಿಯ ಭಾಷೆಯಲ್ಲಿ 'ಪುರ' ಎಂದರೆ ದೇವಾಲಯ, 'ಪುರಿ' ಎಂದರೆ ಅರಮನೆ. ಮೊದಲನೆಯದು ಪರ್ವತದ ಕಡೆಗೂ ಮೂರನೆಯದು ಸಮುದ್ರದ ಕಡೆಗೂ ಇರುವುದು ವಾಡಿಕೆ. ಅಲ್ಲಿ ಉತ್ತರ ದಕ್ಷಿಣಗಳಿಗಿಂತ 'ಕಾಜ' (ಪರ್ವತದ ದಿಕ್ಕು), 'ಕೆಲೋದ್' (ಸಮುದ್ರದ ದಿಕ್ಕು) ಎಂಬುವೇ ಮುಖ್ಯ ದಿಕ್ಕುಗಳು. ಪರ್ವತವು ನಡುವಿನಲ್ಲಿರುವುದರಿಂದ ದಕ್ಷಿಣ ಬಾಲಿಯವನಿಗೆ ಉತ್ತರವಾಗಿರುವ ಕಾಜವು ಉತ್ತರ ಬಾಲಿಯವನಿಗೆ ದಕ್ಷಿಣವಾಗುತ್ತದೆ. ನೀರು ಹುಟ್ಟುವ ಕಡೆ ಪವಿತ್ರ, ನೀರು ಕೊಚ್ಚಿಕೊಂಡುಹೋಗುವ ಕಡೆ ಶುದ್ಧೀಕರಣದ ಸ್ಥಾನ. ಹೊಳೆಯ ಹರಿವೇ ಜನರಿಗೆ ದಿಕ್ಸೂಚಿಯಾಗಿದೆ.

ಗ್ರಾಮದ ದೇವಾಲಯಗಳಲ್ಲದೆ ನೀರಿಗೆ ಸಂಬಂಧಿಸಿದ ದೇವಾಲಯಗಳ ಪ್ರತ್ಯೇಕ ಪರಂಪರೆಯೊಂದಿದೆ. ಪ್ರತಿ ರೈತನ ಗದ್ದೆಗೆ ನೀರು ಪ್ರವೇಶಿಸುವ ಮೂಲೆಯಲ್ಲಿ ಒಂದು ಚಿಕ್ಕ ಗುಡಿ. ಕಾಲುವೆಯು ಸುಬಕ್‌ನ ಸೀಮೆಯನ್ನು ಸೇರುವಲ್ಲಿ ಸಂಘದ ಗುಡಿ. ಹಲವು ಸುಬಕ್‌ಗಳು ಒಂದೇ ಹೊಳೆಯನ್ನು ಅವಲಂಬಿಸಿದ್ದರೆ ಅವೆಲ್ಲವುಗಳಿಗೆ ಸಾಮಾನ್ಯವಾದ ದೊಡ್ಡ ದೇವಾಲಯ. ಎಲ್ಲಕ್ಕೂ ಮೇಲೆ ಬಾತೂರ್ ಸರೋವರದ ಅಧಿದೇವತೆಯಾದ ದೇವಿ ದಾನುವಿನ ಪುರ ಉಲುನ್ ದಾನು ಬಾತೂರ್. ಆ ಸರೋವರದಿಂದ ಹೊರಗೆ ಹರಿಯುವ ಹೊಳೆ ಯಾವುದೂ ಕಾಣದು. ಆದರೆ ಕೆಳಗಿನ ಇಳಿಜಾರುಗಳಲ್ಲಿ ಚಿಮ್ಮುವ ಬುಗ್ಗೆಗಳಿಗೆ ಆ ದೇವಿಯ ನೀರೇ ಆಧಾರವೆಂದು ರೈತರು ನಂಬುತ್ತಾರೆ. ಅಲ್ಲಿಯ ಪ್ರಧಾನ ಅರ್ಚಕನಿಗೆ 'ಜೆರೊ ಗೆದೆ' ಎಂಬ ಬಿರುದು. ಹೊಸ ಕಾಲುವೆಯ ವಿಚಾರವಾಗಲಿ, ಸುಬಕ್‌ಗಳ ನಡುವಿನ ವಿವಾದವಾಗಲಿ, ಆತನ ಸಲಹೆಗಾಗಿ ಅಲ್ಲಿಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ.

ಈ ದೇವಾಲಯಗಳಲ್ಲಿ ಸೇರುವ ಸಭೆಗಳಲ್ಲಿಯೇ ಯಾವ ಸುಬಕ್ ಯಾವಾಗ ಉಳಬೇಕು, ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬೀಳು ಬಿಡಬೇಕು ಎಂಬುದು ನಿರ್ಧಾರವಾಗುತ್ತಿದ್ದಿತು. ಇಲ್ಲಿ ಒಂದು ತೊಡಕಿನ ಪ್ರಶ್ನೆಯಿದೆ. ಎಲ್ಲರೂ ಏಕಕಾಲದಲ್ಲಿ ನಾಟಿ ಮಾಡಿದರೆ ಎಲ್ಲರಿಗೂ ಒಮ್ಮೆಗೇ ನೀರು ಬೇಕಾಗಿ ಹೊಳೆ ಸಾಲದು. ಪ್ರತಿಯೊಬ್ಬನೂ ತನಗೆ ತೋಚಿದಾಗ ನಾಟಿ ಮಾಡಿದರೆ ನೀರಿನ ಬೇಡಿಕೆ ಹರಡಿಕೊಂಡು ಅನುಕೂಲವಾಗುತ್ತದೆ. ಆದರೆ ಸೀಮೆಯಲ್ಲಿ ಸದಾಕಾಲ ಎಲ್ಲಿಯಾದರೂ ಹಸಿರು ಪೈರು ಇರುವುದರಿಂದ ಇಲಿಗಳೂ ಕೀಟಗಳೂ ಒಂದು ಗದ್ದೆಯಿಂದ ಇನ್ನೊಂದಕ್ಕೆ ಸಾಗುತ್ತ ಎಂದೂ ಹಸಿವನ್ನು ಕಾಣದೆ ವೃದ್ಧಿಯಾಗುತ್ತವೆ. ವಿಶಾಲವಾದ ಪ್ರದೇಶವು ಒಟ್ಟಿಗೆ ಕೊಯ್ಲಾಗಿ, ಒಟ್ಟಿಗೆ ಬೀಳು ಬಿದ್ದಾಗ ಮಾತ್ರ ಅವು ಆಹಾರವಿಲ್ಲದೆ ನಾಶವಾಗುತ್ತವೆ. ಆದ್ದರಿಂದ ಎಷ್ಟು ಸುಬಕ್‌ಗಳು ಒಂದುಗೂಡಿ ನಾಟಿ ಮಾಡಬೇಕು, ಯಾವುವು ಕೆಲವು ವಾರ ಹಿಂದೆ ಬೀಳಬೇಕು ಎಂಬುದರಲ್ಲಿಯೇ ಇಡೀ ಹೊಳೆಯ ಯೋಗಕ್ಷೇಮವಿದೆ. ಮೇಲಿನ ಭಾಗದ ರೈತನು ನೀರನ್ನು ಹಿಡಿದಿಟ್ಟುಕೊಂಡರೆ ಕೆಳಗಿನವನ ನಾಟಿ ತಡವಾಗುತ್ತದೆ. ಕೆಳಗಿನವನ ತಡವಾದ ಪೈರಿನಲ್ಲಿ ಬೆಳೆದ ಕೀಟವು ಮೇಲಿನವನ ಗದ್ದೆಯನ್ನು ಏರಿಬರುತ್ತದೆ. ಹೀಗೆ ಕೆಳಗಿನವನಿಗೆ ನೀರು ಬಿಡುವುದು ಮೇಲಿನವನಿಗೆ ದಾನವೂ ಅಲ್ಲ, ನಷ್ಟವೂ ಅಲ್ಲ; ಅದು ಆತನ ಸ್ವಂತ ಬೆಳೆಯ ರಕ್ಷಣೆ.

ಪಂಚಾಂಗ ಮತ್ತು ಹಬ್ಬಗಳು

ಇಷ್ಟು ಸೂಕ್ಷ್ಮವಾದ ಕಾಲನಿಯಮಕ್ಕೆ ತಕ್ಕ ಪಂಚಾಂಗವೂ ಬೇಕಷ್ಟೆ. ಬಾಲಿಯಲ್ಲಿ ಎರಡು ಕಾಲಗಣನೆಗಳು ಜೊತೆಯಾಗಿ ನಡೆಯುತ್ತವೆ. ಮೊದಲನೆಯದು ಚಾಂದ್ರಮಾಸಗಳ ಶಕಗಣನೆ. ಎರಡನೆಯದು ೨೧೦ ದಿನಗಳ 'ಪಾವುಕೋನ್'. ಇದರಲ್ಲಿ ಏಳು ದಿನಗಳ ಮೂವತ್ತು ವಾರಗಳಿದ್ದು ಪ್ರತಿ ವಾರಕ್ಕೂ ಒಂದೊಂದು ಹೆಸರಿದೆ. ಅಲ್ಲದೆ ಒಂದು ದಿನದಿಂದ ಹತ್ತು ದಿನಗಳವರೆಗಿನ ಹತ್ತು ಬಗೆಯ ವಾರಗಳು ಏಕಕಾಲದಲ್ಲಿ ಉರುಳುತ್ತವೆ. ಏಳು ದಿನಗಳ ಹೆಸರುಗಳಾದ ರೆದಿತೆ, ಸೋಮ, ಅಂಗಾರ, ಬುದ, ರಸ್ಪತಿ, ಸುಕ್ರ, ಸನಿಸ್ಚರ ಎಂಬುವನ್ನು ಕೇಳಿದ ಕನ್ನಡಿಗನಿಗೆ ಅರ್ಥ ಹೇಳಬೇಕಾದುದಿಲ್ಲ. ಹಲಗೆಯ ಮೇಲೆ ಚುಕ್ಕೆ ಗೀಟುಗಳಿಂದ ಗುರುತಿಸಿದ 'ತಿಕ' ಎಂಬ ಪಂಚಾಂಗವನ್ನು ನೋಡಿ ಹಳ್ಳಿಯ ಬಲ್ಲವರು ಉತ್ಸವದ ದಿನಗಳನ್ನೂ ಬೇಸಾಯದ ದಿನಗಳನ್ನೂ ಹೇಳುತ್ತಿದ್ದರು.

ಶಕವರ್ಷದ ಮೊದಲ ದಿನವೇ 'ನ್ಯೆಪಿ', ಅಂದರೆ ಮೌನದ ದಿನ. ಅಮಾವಾಸ್ಯೆಯ ಮರುದಿನ ಬರುವ ಈ ಹಬ್ಬವು ಕೆಲವು ವರ್ಷಗಳಲ್ಲಿ ಕನ್ನಡನಾಡಿನ ಯುಗಾದಿಯಂದೇ ಒದಗುತ್ತದೆ. ೨೦೨೩ರ ಮಾರ್ಚ್ ೨೨ರಂದು ಹಾಗೆಯೇ ಆಯಿತು. ಎರಡು ನಾಡುಗಳಲ್ಲಿಯೂ ಅಂದು ಶಕವರ್ಷ ೧೯೪೫ ಪ್ರಾರಂಭವಾಯಿತು. ಆದರೆ ಆಚರಣೆಯ ರೀತಿ ಮಾತ್ರ ಬೇರೆ. ನ್ಯೆಪಿಯಂದು ಬೆಳಗಿನಿಂದ ಮರುದಿನ ಬೆಳಗಿನವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ಕೆಲಸ ಮಾಡುವಂತಿಲ್ಲ, ಹೊರಗೆ ಸಂಚರಿಸುವಂತಿಲ್ಲ, ವಿನೋದಗಳಲ್ಲಿ ತೊಡಗುವಂತಿಲ್ಲ. ದ್ವೀಪದ ವಿಮಾನನಿಲ್ದಾಣವೂ ಒಂದು ಹಗಲು ಒಂದು ರಾತ್ರಿ ಮುಚ್ಚಿರುತ್ತದೆ. ೨೧೦ ದಿನಗಳಿಗೊಮ್ಮೆ ಬರುವ ಹಬ್ಬಗಳಲ್ಲಿ ಪಿತೃಗಳನ್ನು ಮನೆಗೆ ಬರಮಾಡಿಕೊಳ್ಳುವ ಗಲುಂಗಾನ್ ಮುಖ್ಯವಾದುದು. ಶಾಲೆಗಳಿಗೆ ಸಂಬಂಧಿಸಿದ ಸರಸ್ವತಿ ಹಬ್ಬವೂ ೨೧೦ ದಿನಗಳಿಗೊಮ್ಮೆ ಒದಗುತ್ತದೆ. ಅಂದು ಪುಸ್ತಕಗಳನ್ನೂ ತಾಳೆಗರಿಯ ಕಟ್ಟುಗಳನ್ನೂ ಪೂಜಿಸುತ್ತಾರೆ. 'ಲೊಂತಾರ್' ಎಂದು ಕರೆಯಲಾಗುವ ಈ ತಾಳೆಗರಿಯ ಗ್ರಂಥಗಳ ಸಂಗ್ರಹಕ್ಕಾಗಿ ೧೯೨೮ರಲ್ಲಿ ಸಿಂಗರಾಜ ಪಟ್ಟಣದಲ್ಲಿ ಸ್ಥಾಪಿತವಾದ ಗೆದೋಂಗ್ ಕೀರ್ತ್ಯ ಎಂಬ ಗ್ರಂಥಭಂಡಾರವು ವಿದ್ವಾಂಸರಿಗೆ ಪ್ರಯೋಜನಕಾರಿಯಾಗಿದೆ. ೧೯೨೭ರಲ್ಲಿ ರವೀಂದ್ರನಾಥ ಠಾಕೂರರು ಭಾಷಾವಿಜ್ಞಾನಿ ಸುನೀತಿಕುಮಾರ ಚಟರ್ಜಿಯವರೊಡನೆ ಬಾಲಿಯನ್ನು ಸಂದರ್ಶಿಸಿದ್ದು ಈ ಪ್ರಾಚೀನ ಸಂಬಂಧಗಳ ಬಗೆಗೆ ಭಾರತೀಯರಲ್ಲಿ ಹೊಸ ಆಸಕ್ತಿಯನ್ನು ಮೂಡಿಸಿತು.

ಎಪ್ಪತ್ತರ ದಶಕದ ಪರೀಕ್ಷೆ

೧೯೬೦ರ ದಶಕದ ಕೊನೆಗೆ ಇಂಡೊನೇಷಿಯಾ ಸರ್ಕಾರವು ಆಹಾರಧಾನ್ಯದ ತೀವ್ರ ಕೊರತೆಯನ್ನು ಎದುರಿಸುತ್ತಿದ್ದಿತು. ಅಕ್ಕಿಯನ್ನು ಹೊರದೇಶಗಳಿಂದ ತರಿಸಬೇಕಾಗಿದ್ದಿತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ೧೯೬೬ರಲ್ಲಿ ಬಿಡುಗಡೆ ಮಾಡಿದ ಐಆರ್ ೮ ಮುಂತಾದ ಅಧಿಕ ಇಳುವರಿಯ ತಳಿಗಳು ಆಗ ಆಶಾಕಿರಣವಾಗಿ ತೋರಿದುದು ಸಹಜವೇ ಆಗಿದೆ. ಬಾಲಿಯಲ್ಲಿ ಹೊಸ ತಳಿ, ರಾಸಾಯನಿಕ ಗೊಬ್ಬರ, ಕೀಟನಾಶಕ ಮತ್ತು ಸಾಲ ಇವನ್ನು ಒಟ್ಟಾಗಿ ಒದಗಿಸುವ ಯೋಜನೆಯು ಜಾರಿಗೆ ಬಂದಿತು. ಹಳೆಯ ದೇಶೀ ತಳಿಗಳು ಎತ್ತರವಾಗಿ ಬೆಳೆದು ಪಕ್ವವಾಗಲು ಐದಾರು ತಿಂಗಳು ಹಿಡಿಯುತ್ತಿದ್ದವು; ಹೊಸವು ಅದಕ್ಕಿಂತ ಬೇಗ ಬರುತ್ತಿದ್ದವು. ಆದುದರಿಂದ ಸಾಧ್ಯವಾದಷ್ಟು ಸಲ, ಬಿಡುವಿಲ್ಲದೆ ನಾಟಿ ಮಾಡುವಂತೆ ರೈತರಿಗೆ ಉತ್ತೇಜನ ದೊರೆಯಿತು. ದೇವಾಲಯಗಳ ಮೂಲಕ ನಡೆಯುತ್ತಿದ್ದ ಕಾಲನಿಯಮವು ಅಧಿಕಾರಿಗಳ ದೃಷ್ಟಿಯಲ್ಲಿ ಕೇವಲ ಧಾರ್ಮಿಕ ಆಚರಣೆಯಾಗಿದ್ದು, ಬೇಸಾಯಕ್ಕೆ ಸಂಬಂಧವಿಲ್ಲದುದಾಗಿದ್ದಿತು.

ಮೊದಲ ಕೆಲವು ಫಸಲುಗಳಲ್ಲಿ ಇಳುವರಿ ಹೆಚ್ಚಿತೆಂಬುದನ್ನು ಮರೆಯಬಾರದು. ಆದರೆ ಕೆಲವೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. ಸದಾ ಹಸಿರಾಗಿದ್ದ ಗದ್ದೆಗಳಲ್ಲಿ ಕಂದು ಜಿಗಿಹುಳುವಿನ ಹಾವಳಿ ಮಿತಿಮೀರಿತು. ಆ ಹುಳುವನ್ನು ತಡೆಯಬಲ್ಲ ತಳಿಯನ್ನು ತಂದರೆ ಅದಕ್ಕೆ ಟುಂಗ್ರೊ ಎಂಬ ವೈರಸ್ ರೋಗ ತಗುಲಿತು. ಕೀಟನಾಶಕವನ್ನು ಹೆಚ್ಚಿಸಿದಂತೆಲ್ಲ ಹುಳುವನ್ನು ತಿನ್ನುವ ಜೇಡ ಮೊದಲಾದ ಉಪಕಾರಿ ಜೀವಿಗಳೂ ಸತ್ತು ಹುಳುವಿಗೇ ಅನುಕೂಲವಾಯಿತು. ಬಿಡುವಿಲ್ಲದ ನಾಟಿಯಿಂದ ನೀರಿನ ಅಭಾವವೂ ತಲೆದೋರಿತು. ಇದೇ ಸಮಯದಲ್ಲಿ, ೧೯೭೯ರಲ್ಲಿ, ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಬಾಲಿ ನೀರಾವರಿ ಯೋಜನೆಯು ಪ್ರಾರಂಭವಾಯಿತು. ಹಳೆಯ ಒಡ್ಡುಗಳ ಸ್ಥಳದಲ್ಲಿ ಕಾಂಕ್ರೀಟಿನ ಒಡ್ಡುಗಳೂ, ಮೇಲೆ ಕೆಳಗೆ ಸರಿಸಬಹುದಾದ ಲೋಹದ ತೂಬುಗಳೂ ಬಂದವು. ಕಚ್ಚು ಕೆತ್ತಿದ ದಿಮ್ಮಿಯ ಪ್ರಯೋಜನವನ್ನು ಬಲ್ಲ ರೈತರು ಅನೇಕ ಕಡೆ ಈ ತೂಬುಗಳನ್ನು ಬಳಸದೆ ಬಿಟ್ಟರು.

ಈ ಕಾಲದಲ್ಲಿ ಬಾಲಿಯಲ್ಲಿ ಅಧ್ಯಯನ ನಡೆಸುತ್ತಿದ್ದ ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ನೀರಿನ ದೇವಾಲಯಗಳ ಕಾರ್ಯವನ್ನು ಗಮನಿಸಿದರು. ಅವರು ಜೀವವಿಜ್ಞಾನಿ ಜೇಮ್ಸ್ ಕ್ರೆಮರ್ ಅವರೊಡನೆ ಸೇರಿ ಓಸ್ ಮತ್ತು ಪೆತಾನು ಹೊಳೆಗಳ ನಡುವಿನ ೧೭೨ ಸುಬಕ್‌ಗಳ ಮಳೆ, ಹರಿವು, ಬೆಳೆ, ಕೀಟಗಳ ವಿವರಗಳನ್ನು ಗಣಕಯಂತ್ರದಲ್ಲಿ ಅಳವಡಿಸಿ ಲೆಕ್ಕ ಹಾಕಿದರು. ಪ್ರತಿ ಸುಬಕ್ ತನ್ನಿಷ್ಟದಂತೆ ನಾಟಿ ಮಾಡಿದರೆ ಏನಾಗುವುದು, ಎಲ್ಲವೂ ಒಂದೇ ದಿನ ಮಾಡಿದರೆ ಏನಾಗುವುದು, ದೇವಾಲಯಗಳ ಗುಂಪಿಗೆ ಅನುಸಾರವಾಗಿ ಮಾಡಿದರೆ ಏನಾಗುವುದು ಎಂದು ಹೋಲಿಸಿ ನೋಡಿದಾಗ ಮೂರನೆಯ ಕ್ರಮದಲ್ಲಿಯೇ ಒಟ್ಟು ಇಳುವರಿ ಅತ್ಯಧಿಕವಾಗಿ ಕಂಡುಬಂದಿತು. ಯಾವ ಯಂತ್ರವೂ ಇಲ್ಲದೆ, ತಲೆಮಾರುಗಳ ಅನುಭವದಿಂದ, ರೈತರು ಆ ಉತ್ತರವನ್ನು ಮೊದಲೇ ತಲುಪಿದ್ದರು. ಅನಂತರ ೧೯೮೮ರಲ್ಲಿ ಬ್ಯಾಂಕಿನ ತಜ್ಞರೇ ತಮ್ಮ ಯೋಜನೆಯ ವಿಮರ್ಶೆಯಲ್ಲಿ, ಸಾಂಪ್ರದಾಯಿಕ ಕ್ರಮದ ಗುಣವನ್ನು ಗುರುತಿಸದೆ ಹೋದುದರಿಂದ ಭಾರಿ ಬೆಲೆ ತೆರಬೇಕಾಯಿತೆಂಬ ಅಭಿಪ್ರಾಯಕ್ಕೆ ಬಂದರು. ೧೯೮೬ರಲ್ಲಿ ಇಂಡೊನೇಷಿಯಾದ ಅಧ್ಯಕ್ಷರ ಆಜ್ಞೆಯೊಂದು ಭತ್ತದ ಬೆಳೆಗೆ ೫೭ ಬಗೆಯ ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು. ಒಟ್ಟಿಗೆ ನಾಟಿ, ಒಟ್ಟಿಗೆ ಬೀಳು ಎಂಬ ಹಳೆಯ ನಿಯಮಕ್ಕೆ ಸುಬಕ್‌ಗಳು ಮರಳಿದವು.

ದೇವಾಲಯಗಳ ಪಾತ್ರ ಎಷ್ಟು, ಅರಸರ ಮತ್ತು ಸರ್ಕಾರದ ಪಾತ್ರ ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಹಳೆಯ ಕಾಲದಲ್ಲಿ ನೀರಿಗಾಗಿ ವಿವಾದಗಳೇ ಇರಲಿಲ್ಲವೆಂದು ಭಾವಿಸುವುದೂ ಸರಿಯಲ್ಲ. ಹೊಸ ತಳಿಗಳನ್ನೂ ರೈತರು ಸಂಪೂರ್ಣವಾಗಿ ತ್ಯಜಿಸಲಿಲ್ಲ; ಹಳೆಯ ಕಾಲನಿಯಮದೊಳಗೆ ಅವನ್ನು ಸೇರಿಸಿಕೊಂಡರು. ಹಳೆಯದನ್ನೆಲ್ಲ ಎತ್ತಿಹಿಡಿಯುವುದಾಗಲಿ ಹೊಸದನ್ನೆಲ್ಲ ಜರೆಯುವುದಾಗಲಿ ಈ ವೃತ್ತಾಂತದ ತಾತ್ಪರ್ಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಂದಿನ ಸ್ಥಿತಿ

೨೦೧೨ರಲ್ಲಿ ಯುನೆಸ್ಕೊ ಸಂಸ್ಥೆಯು ಬಾಲಿಯ ಸುಬಕ್ ಪ್ರದೇಶಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಾತೂರ್ ಸರೋವರ ಮತ್ತು ಅದರ ದೇವಾಲಯ, ಪಕೆರಿಸಾನ್ ಹೊಳೆಯ ಸೀಮೆ, ಬಾತುಕಾರು ಪರ್ವತದ ಬುಡದ ಜತಿಲುವಿಹ್ ಮುಂತಾದ ಮೆಟ್ಟಿಲುಗದ್ದೆಗಳು, ತಮನ್ ಆಯುನ್ ದೇವಾಲಯ ಇವು ಆ ಪಟ್ಟಿಯಲ್ಲಿವೆ. ಒಟ್ಟು ವಿಸ್ತೀರ್ಣ ಸುಮಾರು ೧೯,೫೦೦ ಹೆಕ್ಟೇರು. ದೇವರು, ಮಾನವ, ಪ್ರಕೃತಿ ಈ ಮೂರರ ಸಾಮರಸ್ಯವೇ ಕ್ಷೇಮಕ್ಕೆ ಕಾರಣವೆಂಬ 'ತ್ರಿ ಹಿತ ಕರಣ' ತತ್ತ್ವವು ಇದಕ್ಕೆ ಆಧಾರವೆಂದು ಹೇಳಲಾಗಿದೆ. ಈ ಹೆಸರು ೧೯೬೦ರ ದಶಕದಲ್ಲಿ ಬಳಕೆಗೆ ಬಂದುದಾದರೂ ಅದು ಸೂಚಿಸುವ ಜೀವನಕ್ರಮ ಹಳೆಯದು.

ಆದರೆ ಗೌರವವು ಬಂದ ವೇಳೆಗೆ ಆಪತ್ತೂ ಬೇರೊಂದು ದಿಕ್ಕಿನಿಂದ ಬಂದಿದ್ದಿತು. ೨೦೧೯ರಲ್ಲಿ ಅರವತ್ತು ಲಕ್ಷಕ್ಕೂ ಹೆಚ್ಚು ವಿದೇಶೀ ಪ್ರವಾಸಿಗಳು ಬಾಲಿಗೆ ಬಂದರು. ಅದು ದ್ವೀಪದ ಜನಸಂಖ್ಯೆಗಿಂತಲೂ ಹೆಚ್ಚಿನ ಸಂಖ್ಯೆ. ವಸತಿಗೃಹಗಳಿಗಾಗಿ ದಕ್ಷಿಣದ ಗದ್ದೆಗಳು ಮಾರಾಟವಾಗುತ್ತಿವೆ. ನೆಲದ ಬೆಲೆ ಏರಿದುದರಿಂದ ತೆರಿಗೆಯೂ ಏರಿ, ಬೇಸಾಯದ ಆದಾಯವು ಅದಕ್ಕೆ ಸಾಲದಾಗುತ್ತಿದೆ. ವಿದ್ಯಾವಂತರಾದ ಯುವಕರು ಪಟ್ಟಣದ ಉದ್ಯೋಗಗಳಿಗೆ ತೆರಳುತ್ತಿದ್ದಾರೆ. ಗದ್ದೆಗೆ ಮೀಸಲಾಗಿದ್ದ ನೀರಿಗೆ ಬೇರೆ ಹಕ್ಕುದಾರರು ಹುಟ್ಟಿಕೊಂಡಿದ್ದಾರೆ. ನೀರಿನಲ್ಲಿಯೇ ಸಾಕಷ್ಟು ಖನಿಜವಿರುವ ಗದ್ದೆಗಳಿಗೆ ಸುರಿದ ರಾಸಾಯನಿಕ ಗೊಬ್ಬರವು ಹೊಳೆಗಳ ಮೂಲಕ ಸಮುದ್ರ ಸೇರಿ, ಹವಳದ ದಿಬ್ಬಗಳಲ್ಲಿಯೂ ತನ್ನ ಗುರುತನ್ನು ಬಿಟ್ಟಿರುವುದನ್ನು ಸಂಶೋಧಕರು ಕಂಡಿದ್ದಾರೆ. ಕಾಲುವೆಯ ನಡುವಿನ ಒಂದು ಗದ್ದೆ ಕಟ್ಟಡವಾದರೆ ನಷ್ಟವಾಗುವುದು ಆ ಒಂದು ಗದ್ದೆ ಮಾತ್ರವಲ್ಲ. ಅದರ ಮೂಲಕ ಕೆಳಗೆ ಹರಿಯುತ್ತಿದ್ದ ನೀರಿನ ದಾರಿ ಕಡಿಯುತ್ತದೆ. ಕಾಲುವೆಯ ಹೂಳೆತ್ತುವ ಕೈಗಳಲ್ಲಿ ಎರಡು ಕಡಿಮೆಯಾಗುತ್ತವೆ. ಸಭೆಯಲ್ಲಿ ಒಂದು ಸ್ಥಾನ ಬರಿದಾಗುತ್ತದೆ. ಕೀಟದ ಹಾವಳಿಗೆ ಹಳೆಯ ನಿಯಮದಲ್ಲಿ ಪರಿಹಾರ ದೊರೆಯಿತು. ನೆಲವೇ ಕೈತಪ್ಪುವ ಈ ಸಂಕಟಕ್ಕೆ ಸುಬಕ್‌ನ ಹಳೆಯ ಕಟ್ಟಳೆಯಲ್ಲಿ ಪರಿಹಾರವಿಲ್ಲ.

ಉಪಸಂಹಾರ

ಬಾಲಿಯ ನೀರಿನ ವ್ಯವಸ್ಥೆಯಿಂದ ಶಿಕ್ಷಣಕ್ಷೇತ್ರದವರು ಗ್ರಹಿಸಬೇಕಾದ ಸಂಗತಿಯೊಂದಿದೆ. ೧೯೭೦ರ ದಶಕದಲ್ಲಿ ಅಲ್ಲಿಗೆ ಬಂದ ತಜ್ಞರು ಅಜ್ಞಾನಿಗಳಾಗಿರಲಿಲ್ಲ, ದುರುದ್ದೇಶವುಳ್ಳವರೂ ಆಗಿರಲಿಲ್ಲ. ಬೇಸಾಯದ ಪುಸ್ತಕದಲ್ಲಿ ದೇವಾಲಯವಿರಲಿಲ್ಲ. ದೇವಾಲಯದ ಪುಸ್ತಕದಲ್ಲಿ ಬೇಸಾಯವಿರಲಿಲ್ಲ. ಆದ್ದರಿಂದ ಎರಡರ ಸಂಬಂಧ ಅವರ ಕಣ್ಣಿಗೆ ಬೀಳ‌ಲಿಲ್ಲ. ಜ್ಞಾನವನ್ನು ವಿಭಾಗಿಸಿ ಕಲಿಸುವುದು ಅನಿವಾರ್ಯವಾದರೂ, ವಿಭಾಗಗಳ ನಡುವಿನ ಗೆರೆಯು ಪಠ್ಯಪುಸ್ತಕದಲ್ಲಿದೆಯೇ ಹೊರತು ಹೊಳೆಯಲ್ಲಿಲ್ಲವೆಂಬುದನ್ನು ವಿದ್ಯಾರ್ಥಿಗೆ ತಿಳಿಸಿಕೊಡುವುದು ಅಷ್ಟೇ ಅನಿವಾರ್ಯ. ಯಾವುದೇ ಹಳೆಯ ಆಚರಣೆಯನ್ನು ಉಳಿಸುವ ಅಥವಾ ಕೈಬಿಡುವ ಮುನ್ನ, ಅದು ಆ ನೆಲದಲ್ಲಿ ಯಾವ ಕೆಲಸವನ್ನು ಮಾಡುತ್ತಿದೆಯೆಂದು ಕೇಳುವ ಅಭ್ಯಾಸವನ್ನು ವಿದ್ಯೆಯು ಕೊಡಬೇಕು. ಹಾಗೆ ಕೇಳಿದಾಗ ಕೆಲವು ಆಚರಣೆಗಳು ನಿರರ್ಥಕವೆಂದು ಕಂಡುಬರಬಹುದು. ಕೆಲವು ಬಾಲಿಯ ಕಚ್ಚು ಕೆತ್ತಿದ ದಿಮ್ಮಿಯಂತೆ, ನೋಡಲು ಒರಟಾಗಿದ್ದರೂ ಎಲ್ಲರ ಪಾಲನ್ನು ಎಲ್ಲರ ಕಣ್ಣೆದುರಿಗೆ ಕಾಯ್ದುಕೊಂಡು ಬಂದುವಾಗಿರಬಹುದು.